ಟಣ್ ಅನ್ನೋದು ದಬ್ ಆಗೋವರೆಗೆ: ಮನೆಯ ಏರ್ ರೈಫಲ್ ರೇಂಜ್‌ನ ಸದ್ದು ಇಳಿಸುವುದು ಹೇಗೆ

ನಮ್ಮ ತೀರ್ಥಹಳ್ಳಿ ಕಡೆ ರಾತ್ರಿ ಒಂದು ಈಡಿನ ಸದ್ದು ಕೇಳಿದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಯಾರದೋ ಗದ್ದೆಗೆ ಹಂದಿ ಬಂದಿರಬೇಕು ಅಂತ ಮಗ್ಗುಲು ಬದಲಿಸುತ್ತಾರೆ. ಹಗಲು ಕೇಳಿದರೆ ಮಂಗ ಓಡಿಸೋ ಗರ್ನಾಲು. ಆದರೆ ದಿನಾ ಸಂಜೆ ಐದೂವರೆಗೆ ಸರಿಯಾಗಿ, ನಿಮಿಷಕ್ಕೊಂದರಂತೆ 60 ಸಲ ಸದ್ದು ಬಂದರೆ ಅದು ಬೇರೆ ಮಾತು. ಮಗಳು 10 ಮೀಟರ್ ಏರ್ ರೈಫಲ್ ಕಲಿಯೋಕೆ ಶುರು ಮಾಡಿ, ನಾನು ಮನೆ ಹಿಂದಿನ ಹಳೆ ಅಡಿಕೆ ಮನೆಯನ್ನು ರೇಂಜ್ ಮಾಡಿಕೊಟ್ಟ ಎರಡನೇ ವಾರಕ್ಕೆ ಕೆಳಮನೆ ದೊಡ್ಡಮ್ಮ ಬಂದರು.

"ಎಂತ ಮಾರಾಯ ಅದು, ದಿನಾ ಸಂಜೆ ನಿಮ್ಮನೇಲಿ ಪಾತ್ರೆ ಕುಟ್ಟೋದು ಯಾರು?"

ನನಗೆ ನಗು ಬಂತು. ಆಮೇಲೆ ರಾತ್ರಿ ಮಲಗಿದಾಗ ಯೋಚಿಸಿದೆ. ಅವರು ಕೋವಿ ಅನ್ನಲಿಲ್ಲ, ಈಡು ಅನ್ನಲಿಲ್ಲ. ಪಾತ್ರೆ ಅಂದರು. ಅಂದರೆ ಅವರ ಅಂಗಳಕ್ಕೆ ಹೋಗುತ್ತಿದ್ದದ್ದು ರೈಫಲ್ ಸದ್ದೇ ಅಲ್ಲ! ನಾನೋ, ಅಷ್ಟರಲ್ಲಿ ಗೋಡೆಗೆ ಅಂಟಿಸೋಕೆ ಅಂತ ಶಿವಮೊಗ್ಗದಿಂದ ಒಂದು ಜೀಪು ಥರ್ಮೋಕೋಲ್ ತಂದು ಹಾಕಿದ್ದೆ. ಆ ಥರ್ಮೋಕೋಲ್ ಈಗ ಕೋಳಿಗೂಡಿನಲ್ಲಿದೆ.

ಮನೆಯಲ್ಲಿ ರೇಂಜ್ ಮಾಡಿಕೊಂಡವರು, ಮಾಡಬೇಕು ಅಂದುಕೊಂಡವರು ನನ್ನ ಹಾಗೆ ತಲೆಕೆಳಗಾಗಿ ಕೆಲಸ ಶುರು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು

ಇದು ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ವಿಷಯ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, ಪೆಲೆಟ್‌ಗೆ ಕೊಡುವ ಶಕ್ತಿ 20 ಜೌಲ್ ಒಳಗಿರುವ ಏರ್ ಗನ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ಗಳು, ಅಂದರೆ ಸ್ಪರ್ಧೆಗೆ ಬಳಸುವವು, ಇದರ ಅರ್ಧವನ್ನೂ ಮುಟ್ಟುವುದಿಲ್ಲ. ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್ (ಸೀಸದ ಸಣ್ಣ ಗುಂಡು), ಸೆಕೆಂಡಿಗೆ 170ರಿಂದ 175 ಮೀಟರ್ ವೇಗ. ಲೆಕ್ಕ ಹಾಕಿದರೆ 8 ಜೌಲ್ ಆಸುಪಾಸು.

ಬೆಳೆ ಕಾಯಲು ಲೈಸೆನ್ಸ್ ಪಡೆದ ತೋಟಾ ಕೋವಿ ಮನೆಯಲ್ಲಿದೆ, ಅದರಲ್ಲೂ ಗುರಿ ಅಭ್ಯಾಸ ಮಾಡೋಣ ಅನ್ನುವವರಿದ್ದಾರೆ. ಬೇಡ. ಆ ಲೈಸೆನ್ಸ್ ಕೊಟ್ಟಿರುವುದು ಅದಕ್ಕಲ್ಲ. 12 ಬೋರಿನ ಕೋವಿಯ ಸದ್ದು ಕಿವಿಯ ಹತ್ತಿರ 150 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಈಡಿಗೆ ಕಿವಿಗೆ ಪೆಟ್ಟು ಬೀಳಬಹುದು. ಅಡಿಕೆ ಮನೆಗೆ ಏನು ಹೊದಿಸಿದರೂ ಅದು ನಿಲ್ಲುವ ಸದ್ದಲ್ಲ. ಗುಂಡು ನಿಲ್ಲಿಸುವ ಗೋಡೆಯೂ ನಮ್ಮಲ್ಲಿಲ್ಲ. ಅದಕ್ಕೆ ಮಾನ್ಯತೆ ಇರುವ ಕ್ಲಬ್ಬಿನ ರೇಂಜೇ ಸರಿ.

ಹಾಗೆಯೇ ನಳಿಕೆಯ ಮೂತಿಗೆ ಏನನ್ನಾದರೂ ಸಿಕ್ಕಿಸಿ ಸದ್ದು ಅಡಗಿಸುವ ಉಪಾಯ ಕೇಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿನ ಸದ್ದು ಕುಗ್ಗಿಸುವ ಪರಿಕರವನ್ನೂ ಬಂದೂಕಿನ ಲೆಕ್ಕಕ್ಕೇ ಸೇರಿಸುತ್ತದೆ. ನಮಗೆ ಅದರ ಅಗತ್ಯವೂ ಇಲ್ಲ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಮ್ಮ ಪೆಲೆಟ್ ಅದರ ಅರ್ಧ ವೇಗದಲ್ಲಿ ಹೋಗುತ್ತದೆ. ಹಾಗಾಗಿ ದೊಡ್ಡ ಬಂದೂಕಿನ ಗುಂಡು ಹಾರುವಾಗ ಚಾಟಿ ಬೀಸಿದಂತೆ ಬರುವ ಸಿಡಿತ ಇಲ್ಲಿ ಇಲ್ಲವೇ ಇಲ್ಲ. ರೈಫಲ್‌ಗೆ ಕೈ ಹಾಕದೆ ಕೋಣೆ ಸರಿಮಾಡಿಕೊಂಡರೆ ಸಾಕು.

ಸದ್ದು ಯಾವುದು ಅಂತ ಹಿಡಿಯಿರಿ

ಒಂದು ಪೆಲೆಟ್ ಹೊಡೆದಾಗ ಕೇಳುವುದು ಒಂದು ಸದ್ದಲ್ಲ. ಮೂತಿಯಿಂದ ಗಾಳಿ ಹೊರಬರುವ ಫಟ್. ಪೆಲೆಟ್ ಹೋಗಿ ಟ್ರ್ಯಾಪಿಗೆ, ಅಂದರೆ ಟಾರ್ಗೆಟ್ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಗೆ, ಬಡಿಯುವ ಟಣ್. ಟ್ರ್ಯಾಪಿನಿಂದ ಗೋಡೆಗೆ, ತೊಲೆಗೆ ಹತ್ತಿ ಬರುವ ಗುಂಯ್. ಜೊತೆಗೆ ಕೋಣೆಯೊಳಗೇ ಅಲೆದಾಡುವ ಪ್ರತಿಧ್ವನಿ. ಹೊಡೆಯುವವರ ಕಿವಿಗೆ ಇದೆಲ್ಲ ಒಂದೇ ಏಟಿಗೆ ಬಂದಂತೆ ಅನಿಸುತ್ತದೆ. ಪೆಲೆಟ್ 10 ಮೀಟರ್ ಹೋಗಿ, ಅದರ ಸದ್ದು ವಾಪಸ್ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಒಳಗೆ ನಿಂತು ಯಾವುದು ಜಾಸ್ತಿ ಅಂತ ಹೇಳೋಕೆ ಆಗುವುದಿಲ್ಲ. ಹೊರಗೇ ಹೋಗಬೇಕು.

ನಾವು ಮಾಡಿದ್ದು ಹೀಗೆ. ಮಗಳು ಐದು ಪೆಲೆಟ್ ಹೊಡೆದಳು. ನಾನು ದೊಡ್ಡಮ್ಮನ ಅಂಗಳದಲ್ಲಿ ನಿಂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ರೈಫಲ್ ಖಾಲಿ ಮಾಡಿ, ಪೆಲೆಟ್ ತುಂಬುವ ಬಾಯಿ ತೆರೆದಿಟ್ಟು, ಅವಳು ಟ್ರ್ಯಾಪಿನ ಹತ್ತಿರ ಹೋಗಿ ಸ್ಪ್ಯಾನರ್‌ನಿಂದ ಐದು ಸಲ ಬಡಿದಳು. ಎರಡೂ ರೆಕಾರ್ಡಿಂಗ್ ಹೆಚ್ಚುಕಡಿಮೆ ಒಂದೇ! ಫಟ್ ಅನ್ನೋದು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

ನಿಮ್ಮಲ್ಲಿ ಬೇರೆ ಇರಬಹುದು. ಪಕ್ಕದ ಮನೆ ಹೊಡೆಯುವ ತುದಿಯ ಕಡೆಗಿದ್ದರೆ ಗಾಳಿ ಸದ್ದೇ ಮುಂದು. ಮಹಡಿ ಮನೆಯಾದರೆ ಕೆಳಗಿನವರಿಗೆ ಗೋಡೆ, ನೆಲ ಹತ್ತಿ ಬರುವ ಸದ್ದೇ ದೊಡ್ಡ ಕಾಟ. ಸುತ್ತಲೂ ನಾಲ್ಕು ಕಡೆ ನಿಂತು ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ಮೊಬೈಲಿನ ಡೆಸಿಬಲ್ ಆಪ್‌ಗಳು ಇಂತಹ ಚಿಟಿಕೆ ಸದ್ದಿನ ನಿಜವಾದ ಎತ್ತರ ಹಿಡಿಯುವುದಿಲ್ಲ. ಅದು ತೋರಿಸುವ ಅಂಕಿ ನಂಬಬೇಡಿ. ಆದರೆ ಅದೇ ಫೋನ್, ಅದೇ ಜಾಗ, ಅದೇ ಎತ್ತರ ಇಟ್ಟುಕೊಂಡು ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಹೋಲಿಸೋಕೆ ಅಡ್ಡಿಯಿಲ್ಲ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನಿಸುತ್ತದೆ.

ಟ್ರ್ಯಾಪಿನಿಂದ ಶುರು ಮಾಡಿ

ನಮ್ಮದು ಅಂಗಡಿಯಲ್ಲಿ ಸಿಗುವ ಮಾಮೂಲಿ ತಗಡಿನ ಪೆಟ್ಟಿಗೆ. ಒಳಗೆ ಓರೆಯಾಗಿ ಒಂದು ಉಕ್ಕಿನ ತಟ್ಟೆ. ಪೆಲೆಟ್ ಅದಕ್ಕೆ ಬಡಿದು ಕೆಳಗೆ ಬೀಳುತ್ತದೆ. ಓರೆ ಇರುವುದರಿಂದ ಪೆಲೆಟ್ ವಾಪಸ್ ಹಾರುವುದಿಲ್ಲ, ಅದು ಒಳ್ಳೆಯದು. ಆದರೆ ತೆಳು ತಗಡಿನ ಪೆಟ್ಟಿಗೆ ಅಂದರೆ ಗಂಟೆಯೇ. ಅದು ಸಾಲದು ಅಂತ ನಾನು ಅದನ್ನು ನಾಲ್ಕು ಬೋಲ್ಟ್ ಹಾಕಿ ಗೋಡೆಗೆ ಬಿಗಿದಿದ್ದೆ. ಗಂಟೆಯನ್ನು ತಂಬೂರಿಯ ಬುರುಡೆಗೆ ಕಟ್ಟಿದ ಹಾಗೆ.

ಮೊದಲು ಬೋಲ್ಟ್ ಬಿಚ್ಚಿ. ಟ್ರ್ಯಾಪ್ ಗೋಡೆಗೆ ತಾಗಲೇಬಾರದು. ಮರದ ಒಂದು ಗಟ್ಟಿ ಸ್ಟ್ಯಾಂಡ್ ಮಾಡಿಸಿ, ನೆಲದ ಮೇಲೆ ನಿಲ್ಲಿಸಿ. ಟಾರ್ಗೆಟ್‌ನ ನಡುಮಧ್ಯ ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರಬೇಕು, ಅಳತೆ ತಪ್ಪಬೇಡಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ಹಳೆ ಟ್ರ್ಯಾಕ್ಟರ್ ಟ್ಯೂಬ್ ನಾಲ್ಕು ಪದರ ಕತ್ತರಿಸಿ ಇಡಿ. ಅಡಿಪಟ್ಟಿಯ ಮೇಲೆ ಎರಡು ಮರಳು ಚೀಲ ಹೇರಿದರೆ ಅಲುಗಾಡುವುದಿಲ್ಲ. ಇಷ್ಟಕ್ಕೇ ನಮ್ಮ ಮನೆಯೊಳಗೆ ಅಡುಗೆಮನೆಗೆ ಬರುತ್ತಿದ್ದ ಗುಂಯ್ ಪೂರ್ತಿ ನಿಂತಿತು. ಖರ್ಚು ಅಂದರೆ ಬಡಗಿಯ ಅರ್ಧ ದಿನದ ಕೂಲಿ.

ಎರಡನೆಯದು, ಗಂಟೆಯನ್ನು ಮೂಕ ಮಾಡುವುದು. ಕಾರಿನ ಬಾಗಿಲಿನ ಒಳಗೆ ಅಂಟಿಸುವ ದಪ್ಪ ಡ್ಯಾಂಪಿಂಗ್ ಶೀಟ್ ಬರುತ್ತದೆ, ಡಾಂಬರಿನ ಹಾಗೆ ಇರುತ್ತದೆ, ಒಂದು ಬದಿ ಅಂಟು. ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿ. ಪೆಟ್ಟಿಗೆಯ ಹೊರಮೈಗೆಲ್ಲ ಅದನ್ನು ಅಂಟಿಸಿ, ರೋಲರ್‌ನಲ್ಲೋ ಲಟ್ಟಣಿಗೆಯಲ್ಲೋ ಗಾಳಿ ಗುಳ್ಳೆ ಉಳಿಯದಂತೆ ಒತ್ತಿ. ಮನೆಯವರ ಲಟ್ಟಣಿಗೆ ತೆಗೆದುಕೊಂಡರೆ ಆಮೇಲೆ ಹೊಸದು ತಂದುಕೊಡಬೇಕಾಗುತ್ತದೆ, ಅನುಭವದ ಮಾತು. ಅಂಟಿಸಿದ ಮೇಲೆ ಬೆರಳಿನ ಗಂಟಿನಿಂದ ಬಡಿದು ನೋಡಿ. ಟಣ್ ಅನ್ನುತ್ತಿದ್ದದ್ದು ದಬ್ ಅಂದರೆ ಕೆಲಸ ಆಯಿತು. ಇನ್ನೂ ಟಣ್ ಅಂತಿದ್ದರೆ ಇನ್ನೊಂದು ಪದರ.

ಮೂರನೆಯದೇ ಮುಖ್ಯ. ಪೆಲೆಟ್ ಉಕ್ಕಿಗೆ ನೇರ ಬಡಿಯದಂತೆ ನಡುವೆ ಮೆತ್ತಗಿನದ್ದು ಏನಾದರೂ ಇರಬೇಕು. ಎಲೆಕ್ಟ್ರಿಷಿಯನ್‌ಗಳು ಪೈಪಿನ ಬಾಯಿ ಮುಚ್ಚಲು ಹಚ್ಚುವ, ಎಷ್ಟು ದಿನವಾದರೂ ಒಣಗದ ಪುಟ್ಟಿ ಇದೆ. ಡಕ್ಟ್ ಸೀಲ್ ಅಂತ ಹುಡುಕಿದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇದಕ್ಕೆ ಬೇರೆ ಪೆಟ್ಟಿಗೆಯೇ ಒಳ್ಳೆಯದು. ನಾವು 18 ಮಿ.ಮೀ. ಪ್ಲೈವುಡ್‌ನಲ್ಲಿ ಒಂದಡಿ ಚಚ್ಚೌಕದ ಪೆಟ್ಟಿಗೆ ಮಾಡಿ, ಹಿಂದೆ 3 ಮಿ.ಮೀ. ಉಕ್ಕಿನ ತಗಡು ಕೊಟ್ಟು, ಅದರ ಮುಂದೆ ಎರಡು ಇಂಚು ದಪ್ಪಕ್ಕೆ ಈ ಪುಟ್ಟಿಯನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿ ತುಂಬಿದೆವು. ಪೆಲೆಟ್ ಅದರೊಳಗೆ ಹೂತುಹೋಗುತ್ತದೆ. ಸದ್ದು ಕೆಸರಿಗೆ ಕಲ್ಲು ಬಿದ್ದಷ್ಟೇ.

ಎರಡು ಎಚ್ಚರಿಕೆ. ಜೇಡಿಮಣ್ಣು ತುಂಬಬೇಡಿ, ಒಣಗಿ ಗಟ್ಟಿಯಾದ ಮೇಲೆ ಪೆಲೆಟ್ ಚಿಮ್ಮುತ್ತದೆ. ಬರೀ ದಪ್ಪ ರಬ್ಬರ್ ಅಥವಾ ಹಲಸಿನ ಹಲಗೆಯನ್ನೂ ಎದುರಿಗೆ ಇಡಬೇಡಿ, ಪೆಲೆಟ್ ನೇರ ವಾಪಸ್ ಬಂದು ಕಣ್ಣಿಗೇ ಬಡಿಯಬಹುದು. ಟ್ರ್ಯಾಪ್ ಯಾವುದೇ ಇರಲಿ, ಕನ್ನಡಕ ಹಾಕದೆ ಹೊಡೆಯುವುದು ಬೇಡ.

ಪುಟ್ಟಿಯನ್ನು ಆಗಾಗ ಬಗೆದು ಪೆಲೆಟ್ ತೆಗೆಯಬೇಕು. ಇಲ್ಲದಿದ್ದರೆ ಹೊಸ ಪೆಲೆಟ್ ಹಳೆ ಪೆಲೆಟ್‌ಗೆ ಬಡಿದು ಚೂರು ಸಿಡಿಯುತ್ತದೆ, ಸದ್ದೂ ವಾಪಸ್ ಬರುತ್ತದೆ. ದಿನಕ್ಕೆ 60ರಂತೆ ತಿಂಗಳಲ್ಲಿ 25 ದಿನ ಹೊಡೆದರೆ 1500 ಪೆಲೆಟ್. ಅಂದರೆ ಸುಮಾರು 800 ಗ್ರಾಂ ಸೀಸ. ಸೀಸ ವಿಷ. ಗ್ಲೌಸ್ ಹಾಕಿಕೊಂಡು ತೆಗೆಯಿರಿ, ಡಬ್ಬಿಯಲ್ಲಿ ಮುಚ್ಚಿಡಿ, ಸೋಪು ಹಾಕಿ ಕೈ ತೊಳೆಯಿರಿ. ಟ್ರ್ಯಾಪಿನ ಸುತ್ತ ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಕೋಣೆಯಲ್ಲಿ ಕಾಫಿ, ಚಕ್ಲಿ, ಕವಳ ಯಾವುದೂ ಬೇಡ.

ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದವರು ಮಾತ್ರ ಸ್ವಲ್ಪ ತಡೆಯಿರಿ. ಕೆಲವು ಟಾರ್ಗೆಟ್‌ಗಳು ಪೆಲೆಟ್ ಎಲ್ಲಿ ಬಿತ್ತು ಅಂತ ಕಂಡುಹಿಡಿಯುವುದೇ ಮೈಕ್‌ಗಳಿಗೆ ಬಂದ ಸದ್ದಿನಿಂದ. ಅದರ ಚೌಕಟ್ಟಿನ ಒಳಗೆ ಏನನ್ನೂ ತುರುಕಬೇಡಿ. ಹಿಂದಿನ ಪೆಲೆಟ್ ಪೆಟ್ಟಿಗೆಗೆ ಮಾತ್ರ ಹೊರಗಿನಿಂದ ಡ್ಯಾಂಪಿಂಗ್ ಶೀಟ್ ಅಂಟಿಸಿ.

ಏಡಿ ಬಿಲ ಮುಚ್ಚುವುದು

ಟ್ರ್ಯಾಪ್ ಸರಿಯಾದ ಮೇಲೆ ಉಳಿಯುವುದು ಗಾಳಿಯ ಫಟ್. ಅದು ಹೊರಗೆ ಹೋಗುವುದು ಗೋಡೆಯಿಂದಲ್ಲ, ಸಂದಿನಿಂದ. ಗದ್ದೆ ಅಂಚು ಎಷ್ಟೇ ದಪ್ಪ ಇರಲಿ, ಒಂದು ಏಡಿ ಬಿಲ ಇದ್ದರೆ ಬೆಳಗಾಗೋದರೊಳಗೆ ನೀರೆಲ್ಲ ಕೆಳಗದ್ದೆಗೆ ಇಳಿದಿರುತ್ತೆ ಅಲ್ವಾ? ಸದ್ದೂ ಹಾಗೆಯೇ.

ನಮ್ಮ ಅಡಿಕೆ ಮನೆಯ ಗೋಡೆ ಜಂಬಿಟ್ಟಿಗೆ ಕಲ್ಲಿನದು. ಒಳ್ಳೆ ತೂಕ, ಅದರ ಮೇಲೆ ಗಾರೆ. ಗೋಡೆಯ ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಸದ್ದು ಇಳಿಯುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಇಂತಹ ಗೋಡೆಗೆ ಇನ್ನೇನನ್ನೂ ಅಂಟಿಸುವ ಅಗತ್ಯ ಇಲ್ಲ. ತೊಂದರೆ ಇದ್ದದ್ದು ಗೋಡೆಗೂ ಮಾಡಿಗೂ ನಡುವೆ. ಹಳೆ ಕಾಲದವರು ಅಡಿಕೆ ಒಣಗಲಿ, ಹೊಗೆ ಹೋಗಲಿ ಅಂತ ಗೇಣು ಅಗಲ ಸಂದು ಬಿಟ್ಟಿದ್ದರು. ಸುತ್ತಲೂ!

ಸಂಜೆ ಕತ್ತಲಾದ ಮೇಲೆ ಒಳಗೆ ಜೋರು ಬಲ್ಬ್ ಹಾಕಿ ಹೊರಗೆ ಸುತ್ತಿ ನೋಡಿ. ಬೆಳಕು ಕಂಡಲ್ಲೆಲ್ಲ ಸದ್ದು ಹೊರಗೆ ಹೋಗುತ್ತದೆ. ದೊಡ್ಡ ಸಂದಿಗೆ ಇಟ್ಟಿಗೆ, ಗಾರೆ. ತೊಲೆ, ಪಕಾಸಿ ಹಾದುಹೋಗುವ ಸಣ್ಣ ಸಂದಿಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತುರುಕಿ ಮೇಲೆ ಸೀಲಂಟ್. ಸ್ವಿಚ್ ಬೋರ್ಡಿನ ಪೈಪ್ ಬಾಯಿಗೂ ಅದೇ ಒಣಗದ ಪುಟ್ಟಿ.

ಬಾಗಿಲು ಇನ್ನೊಂದು ಬಿಲ. ಹಲಗೆ ಬಾಗಿಲಿನ ಸಂದುಗಳ ಮೇಲೆ ಒಳಗಿನಿಂದ ಒಂದೇ ತುಂಡು ದಪ್ಪ ಪ್ಲೈವುಡ್ ಹೊಡೆಸಿ. ಚೌಕಟ್ಟಿನ ಸುತ್ತ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಹೊಸ್ತಿಲಿಗೆ ತಾಗುವ ಹಾಗೆ ಇನ್ನೊಂದು ರಬ್ಬರ್ ಪಟ್ಟಿ. ಬಾಗಿಲು ಹೊಡೆಯುವವರ ಬೆನ್ನ ಹಿಂದೆಯೇ ಇರಬೇಕು. ಟಾರ್ಗೆಟ್ ಕಡೆ ಬಾಗಿಲೋ ಕಿಟಕಿಯೋ ಇದ್ದರೆ ಕಟ್ಟಿ ಮುಚ್ಚಿಬಿಡಿ. ಇದು ಸದ್ದಿಗಿಂತ ಹೆಚ್ಚಾಗಿ ಜೀವದ ಪ್ರಶ್ನೆ. ಗುರಿ ಹಿಡಿದಾಗ ಅಡ್ಡ ಬಾಗಿಲಿನಿಂದ ಕರುವೋ ಮಗುವೋ ಬಂದುಬಿಟ್ಟರೆ?

ಎಲ್ಲ ಮುಚ್ಚಿದರೆ ಉಸಿರು ಕಟ್ಟುತ್ತದೆ, ನಿಜ. ಅದಕ್ಕೆ ಸದ್ದು ಬಿಡದ ಗಾಳಿಗೂಡು ಮಾಡಬೇಕು. ಪ್ಲೈವುಡ್‌ನಲ್ಲಿ ನಾಲ್ಕಡಿ ಉದ್ದದ ಪೆಟ್ಟಿಗೆ. ಒಂದು ತುದಿಯಲ್ಲಿ ಕೋಣೆಯ ಕಡೆ ಬಾಯಿ, ಇನ್ನೊಂದು ತುದಿಯಲ್ಲಿ ಹೊರಗಿನ ಕಡೆ ಬಾಯಿ. ನಡುವೆ ಎರಡು ಮೂರು ಅಡ್ಡ ಹಲಗೆ ಹಾಕಿ ಗಾಳಿ ಹಾವಿನ ಹಾಗೆ ತಿರುಗಿ ಹೋಗುವಂತೆ ಮಾಡಿ. ಒಳಮೈಗೆಲ್ಲ ರಾಕ್‌ವೂಲ್, ಅದರ ಮೇಲೆ ತೆಳು ಬಟ್ಟೆ. ಗಾಳಿ ತಿರುಗಿ ತಿರುಗಿ ಹೋಗುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪ ಸಾಯುತ್ತದೆ. ಇಂಥವು ಎರಡು ಬೇಕು. ಒಂದು ಹೊಡೆಯುವವರ ಹಿಂದೆ, ಇನ್ನೊಂದು ಟಾರ್ಗೆಟ್ ಕಡೆ, ಅಲ್ಲಿ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್. ಆಗ ಗಾಳಿ ನಿಮ್ಮ ಮುಖದಿಂದ ದೂರ ಹೋಗುತ್ತದೆ. ಹೊರಬಾಯಿಗೆ ಜಾಲರಿ ಮರೆಯಬೇಡಿ. ಮರೆತರೆ ಮೊದಲ ವರ್ಷವೇ ಇಲಿ ಮರಿ ಹಾಕುತ್ತದೆ.

ಮಾಡು

ಹೆಂಚಿನ ಮಾಡು ಸದ್ದಿಗೆ ಜರಡಿ ಇದ್ದ ಹಾಗೆ. ತಗಡಿನ ಶೀಟು ಇನ್ನೂ ಕಷ್ಟ, ಅದು ತಾನೇ ನಡುಗುತ್ತದೆ. ಕೆಳಗಿನಿಂದ ಒಂದು ಸೀಲಿಂಗ್ ಹಾಕಿಸದೆ ಬೇರೆ ದಾರಿಯಿಲ್ಲ. ಇಡೀ ಕೆಲಸದಲ್ಲಿ ದುಡ್ಡು ಹೋಗುವುದು ಇಲ್ಲೇ.

ಪೇಟೆಯವರು ಜಿಪ್ಸಮ್ ಬೋರ್ಡ್ ಅನ್ನುತ್ತಾರೆ. ನಮ್ಮ ಮಳೆಗಾಲಕ್ಕೆ ಅದು ಆಗಿಬರುವುದಿಲ್ಲ. ಆಗುಂಬೆ ಪಕ್ಕದಲ್ಲಿಟ್ಟುಕೊಂಡು ಜಿಪ್ಸಮ್ ಹಾಕಿಸಿದರೆ ಆಗಸ್ಟ್ ಹೊತ್ತಿಗೆ ಅದರ ಮೇಲೆ ಬೂಷ್ಟು ನಕ್ಷೆ ಬಿಡಿಸಿರುತ್ತದೆ. ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿ, 8 ಮಿ.ಮೀ. ದಪ್ಪದ್ದು ಎರಡು ಪದರ. ಮೊದಲ ಪದರದ ಜೋಡಣೆ ಇದ್ದಲ್ಲಿ ಎರಡನೇ ಪದರದ ಜೋಡಣೆ ಬರಬಾರದು. ಬೋರ್ಡಿನ ಮೇಲೆ 50 ಮಿ.ಮೀ. ರಾಕ್‌ವೂಲ್ ಹಾಸು. ಸಾಂದ್ರತೆ 48 ಅಥವಾ 64 ಅಂತ ಬರುತ್ತದೆ, ಘನ ಮೀಟರಿಗೆ ಅಷ್ಟು ಕಿಲೋ ಅಂತ ಲೆಕ್ಕ. ಯಾವುದಾದರೂ ನಡೆಯುತ್ತದೆ. ಹಾಸಿಗೂ ಹೆಂಚಿಗೂ ಅಡಿಯಷ್ಟಾದರೂ ಜಾಗ ಇರಲಿ. ಹೆಂಚು ಸೋರಿ ರಾಕ್‌ವೂಲ್ ನೆಂದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಹಾಗಾಗಿ ಸೀಲಿಂಗ್‌ಗೆ ಮೊದಲು ಹೆಂಚು ಕೈಯಾಡಿಸಿ.

ರಾಕ್‌ವೂಲ್ ಮುಟ್ಟುವಾಗ ತುಂಬು ತೋಳಿನ ಅಂಗಿ, ಗ್ಲೌಸ್, ಮಾಸ್ಕ್. ಚುರುಚುರು ಅಂತ ಎರಡು ದಿನ ಕೆರೆತ. ತುರಿಕೆ ಸೊಪ್ಪು ತಾಗಿದವರಿಗೆ ಹೇಳಬೇಕಾಗಿಲ್ಲ.

ಖರ್ಚು ಉಳಿಸೋಕೆ ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ದರಗು ತುಂಬಿದರೆ ಹೇಗೆ ಅಂತ ನನ್ನ ಭಾವ ಕೇಳಿದರು. ಸದ್ದು ಹೀರಬಹುದೇನೋ. ಆದರೆ ತೇವಕ್ಕೆ ಕೊಳೆಯುತ್ತದೆ, ಇಲಿಗೆ ಮನೆ, ವೈರ್ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಸಿಗೆಯ ಫೋಮ್ ಇನ್ನೂ ಅಪಾಯ. ಹೊತ್ತಿಕೊಂಡರೆ ಬೆಂಕಿಗಿಂತ ಮೊದಲು ಅದರ ಹೊಗೆ ಕೊಲ್ಲುತ್ತದೆ.

ಒಳಗಿನ ಪ್ರತಿಧ್ವನಿ

ಸದ್ದು ತಡೆಯುವುದು ಬೇರೆ, ಹೀರುವುದು ಬೇರೆ. ಇದನ್ನು ಕಲೆಸಿಕೊಂಡೇ ಜನ ದುಡ್ಡು ಕಳೆದುಕೊಳ್ಳುವುದು. ತಡೆಯಲು ತೂಕ ಬೇಕು, ಸಂದು ಇರಬಾರದು. ಹೀರಲು ಮೆತ್ತಗೆ, ದಪ್ಪಗೆ, ಗಾಳಿಯಾಡುವ ನಾರು ಬೇಕು. ಥರ್ಮೋಕೋಲ್‌ನಲ್ಲಿ ತೂಕವೂ ಇಲ್ಲ, ಗಾಳಿ ಹೊಗುವ ನಾರೂ ಇಲ್ಲ. ಮೊಟ್ಟೆ ಟ್ರೇ ಅಂತೂ ಬರೀ ನಂಬಿಕೆ.

ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್‍ರ್ ಅಂತ ಬಾಲ ಬಂದರೆ ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನ ಹಾಗೆ ಪುಟಿಯುತ್ತಿದೆ ಅಂತ ಅರ್ಥ. ಇದು ಪಕ್ಕದ ಮನೆಯವರಿಗಿಂತ ಹೊಡೆಯುವವರಿಗೇ ಕಾಟ. ಕೋಣೆಯೊಳಗೆ ಇಯರ್ ಪ್ಲಗ್ ಹಾಕುವುದು ಹೇಗೂ ಒಳ್ಳೆಯದು.

ಇಡೀ ಕೋಣೆಗೆ ಹೊದಿಸಬೇಕಿಲ್ಲ. ರೈಫಲ್ ಮೂತಿ ಬರುವ ಜಾಗದಿಂದ ಮುಂದಕ್ಕೆ ಎರಡು ಮೀಟರ್, ಎರಡು ಬದಿ ಗೋಡೆ ಮತ್ತು ಮೇಲೆ. ಫಟ್ ಮೊದಲು ಬಡಿಯುವುದು ಅಲ್ಲಿಗೆ. ಮರದ ಪಟ್ಟಿಯ ಚೌಕಟ್ಟಿನಲ್ಲಿ ರಾಕ್‌ವೂಲ್ ಇಟ್ಟು, ಹತ್ತಿ ಬಟ್ಟೆ ಬಿಗಿದು ನೇತುಹಾಕಿ. ಗೋಡೆಗೂ ಅದಕ್ಕೂ ಎರಡು ಇಂಚು ಬಿಟ್ಟರೆ ಇನ್ನೂ ಚೆನ್ನಾಗಿ ಹೀರುತ್ತದೆ, ತೇವವೂ ಹಿಡಿಯುವುದಿಲ್ಲ. ಬೆನ್ನ ಹಿಂದೆ ಒಂದು ಕರಿ ಕಂಬಳಿ ಮಡಿಕೆ ಮಡಿಕೆಯಾಗಿ ಇಳಿಬಿಡಿ.

ನೆಲಕ್ಕೆ ತೆಂಗಿನ ನಾರಿನ ಮ್ಯಾಟ್ ಹಾಸಿದೆವು. ಹಾಸಿದ ದಿನವೇ ಮಗಳ ಸ್ಕೋರ್ ಬಿದ್ದುಹೋಯಿತು. ಅವಳ ಬೂಟಿನ ಅಡಿಯಲ್ಲೂ ಮ್ಯಾಟ್ ಹಾಸಿದ್ದೆ. ಐದು ಕಿಲೋ ರೈಫಲ್ ಹಿಡಿದು ಅರ್ಧ ಮಿ.ಮೀ. ಚುಕ್ಕೆಗೆ ಗುರಿ ಇಡುವವರಿಗೆ ಕಾಲ ಕೆಳಗೆ ಸ್ವಲ್ಪ ಮೆತ್ತಗಿದ್ದರೂ ಮೈ ತೂಗುತ್ತದೆ. ಹೊಡೆಯುವ ಜಾಗದಲ್ಲಿ ಬರೀ ನೆಲ, ಅದರ ಮುಂದಿನಿಂದ ಮ್ಯಾಟ್. ಇದನ್ನು ಅವಳೇ ಹೇಳಬೇಕಾಯಿತು.

ಹೊತ್ತು ಮತ್ತು ಜಾಗ

ಇನ್ನೂ ಜಾಗ ಹುಡುಕುತ್ತಿರುವವರಿಗೆ: 10 ಮೀಟರ್ ಅಂದರೆ 10 ಮೀಟರ್ ಕೋಣೆ ಸಾಲದು. ನಿಲ್ಲೋಕೆ, ಟ್ರ್ಯಾಪಿಗೆ ಎಲ್ಲ ಸೇರಿ 13 ಮೀಟರ್ ಬೇಕು. ಟಾರ್ಗೆಟ್ ತುದಿ ಧರೆಯ, ಅಂದರೆ ಮನೆ ಪಕ್ಕದ ಮಣ್ಣಿನ ದಿಬ್ಬದ, ಕಡೆಗೆ ಇರಲಿ. ಮಣ್ಣಿನ ಧರೆಯಷ್ಟು ಒಳ್ಳೆ ತಡೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಜಾಗ ಮಾಡೋಕೆ ಅಂತ ಧರೆ ಕಡಿಯಬೇಡಿ. ಜುಲೈನಲ್ಲಿ ಅದು ಕುಸಿದು ಒಳಗೇ ಬರುತ್ತದೆ.

ನಡುವೆ ಅಡಿಕೆ ತೋಟ ಇದೆ, ಸದ್ದು ಹೋಗುವುದಿಲ್ಲ ಅಂತ ನಂಬಿಕೊಳ್ಳಬೇಡಿ. ಅಡಿಕೆ ಮರದ ಕಂಬಗಳ ನಡುವೆ ಸದ್ದು ಆರಾಮಾಗಿ ನುಸುಳಿ ಹೋಗುತ್ತದೆ. ಬಯಲಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬಲ್ ಇಳಿಯುತ್ತದೆ ಅನ್ನುವ ಲೆಕ್ಕವೂ ನಮ್ಮ ಕಣಿವೆಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಮಂಜು ಬಿದ್ದ ಡಿಸೆಂಬರ್ ಬೆಳಿಗ್ಗೆ ಹೊಳೆ ಆಚೆಯವರು ಮಾತಾಡಿದ್ದು ಈಚೆ ಕೇಳುತ್ತದೆ, ಗಮನಿಸಿದ್ದೀರಾ? ತಣ್ಣನೆ ಗಾಳಿ ಕೆಳಗೆ ಕೂತು, ಮೇಲೆ ಬೆಚ್ಚಗಿನ ಗಾಳಿ ಇದ್ದರೆ ಸದ್ದು ಮೇಲೆ ಹೋಗದೆ ಬಾಗಿ ಕೆಳಕ್ಕೇ ಬರುತ್ತದೆ. ಹಾಗಾಗಿ ಚಳಿಗಾಲದ ಮುಂಜಾನೆ ಪೆಲೆಟ್ ಹೊಡೆಯಬೇಡಿ. ಆ ಹೊತ್ತಿಗೆ ಡ್ರೈ ಫೈರ್ ಇದೆಯಲ್ಲ. ಪೆಲೆಟ್ ಇಲ್ಲದೆ, ಗಾಳಿ ಬಿಡದೆ, ಬರೀ ಟ್ರಿಗರ್ ಒತ್ತುವ ಅಭ್ಯಾಸ. ಮ್ಯಾಚ್ ರೈಫಲ್‌ಗಳಲ್ಲಿ ಅದಕ್ಕೇ ಒಂದು ವ್ಯವಸ್ಥೆ ಇರುತ್ತದೆ. ಸದ್ದು ಗಡಿಯಾರದ ಟಿಕ್‌ನಷ್ಟು. ಬೀಜಿಂಗ್‌ನಲ್ಲಿ 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅಭ್ಯಾಸ ಮಾಡಿದ್ದೂ ಮನೆಯ ರೇಂಜ್‌ನಲ್ಲಿ. ಶೂಟಿಂಗ್ ಕಲಿಯುವವರು ಯಾರನ್ನೇ ಕೇಳಿ, ಡ್ರೈ ಫೈರ್ ಎಷ್ಟು ಮಾಡಿದರೂ ಸಾಲದು ಅನ್ನುತ್ತಾರೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 45. ಆದರೆ ಅದು ಸರಾಸರಿ ಲೆಕ್ಕ. ನಿಮಿಷಕ್ಕೊಂದು ಚಿಟಿಕೆ ಸದ್ದು ಸರಾಸರಿಯಲ್ಲಿ ಕಾಣುವುದೇ ಇಲ್ಲ. ಮಧ್ಯಾಹ್ನ ಮಲಗಿದವರ ತಲೆಯಲ್ಲಿ ಮಾತ್ರ ಕಾಣುತ್ತದೆ. ನಿಯಮ ತೋರಿಸಿ ಪಕ್ಕದ ಮನೆಯವರ ಹತ್ತಿರ ವಾದ ಮಾಡುವುದಕ್ಕಿಂತ ಯಾವ ಹೊತ್ತು ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ದೊಡ್ಡಮ್ಮ ಹೇಳಿದ್ದು ಒಂದೇ: "ದೀಪ ಹಚ್ಚೋ ಹೊತ್ತಲ್ಲಿ ಬ್ಯಾಡ." ಸಂಜೆಯ ಅಭ್ಯಾಸ ನಾಲ್ಕಕ್ಕೆ ಬಂತು.

ರೈಫಲ್ ಮತ್ತು ಸಿಲಿಂಡರ್

ಸ್ಪ್ರಿಂಗ್ ರೈಫಲ್, ಅಂದರೆ ಒಳಗಿನ ಸ್ಪ್ರಿಂಗ್‌ನಿಂದ ಗಾಳಿ ಒತ್ತುವಂಥದ್ದು, ಇದ್ದವರಿಗೆ ಒಂದು ಮಾತು. ಸದ್ದು ಜಾಸ್ತಿಯಾಯಿತು ಅಂತ ಎಣ್ಣೆ ಸುರಿಯಬೇಡಿ. ಎಣ್ಣೆ ಗಾಳಿ ಕೊಳವೆಗೆ ಹೋದರೆ ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಂಡು ಢಂ ಅನ್ನುತ್ತದೆ, ಸೀಲೂ ಹಾಳು. ಸ್ಪ್ರಿಂಗ್ ಕಿರ್‍ರ್ ಅಂದರೆ ಬಲ್ಲವರ ಹತ್ತಿರ ಬಿಚ್ಚಿಸಿ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯಲೇಬೇಡಿ.

ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರ್ ಇರುವ ರೈಫಲ್‌ನವರಿಗೆ ಕೊನೆಯ ಸದ್ದು ಕಂಪ್ರೆಸರ್‌ನದು. 200 ಬಾರ್ ಒತ್ತಡಕ್ಕೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ರೈಫಲ್‌ಗಿಂತ ಹತ್ತು ಪಾಲು ಕಿರುಚುತ್ತದೆ. ಇಷ್ಟೆಲ್ಲ ಮಾಡಿ ಅದನ್ನು ಜಗಲಿಯಲ್ಲಿಟ್ಟು ಚಾಲೂ ಮಾಡಿದರೆ ಏನು ಬಂತು? ನಾವು ದೊಡ್ಡ ಸಿಲಿಂಡರ್ ಒಂದನ್ನು ಹೊರಗೆ ತುಂಬಿಸಿ ತರುತ್ತೇವೆ, ಅದರಿಂದ ರೈಫಲ್ ಸಿಲಿಂಡರ್‌ಗೆ ಇಳಿಸಿಕೊಳ್ಳುತ್ತೇವೆ. ಬಿಡಿಸುವಾಗ ಚುಸ್ ಅನ್ನುತ್ತದೆ, ಅಷ್ಟೇ. ಸಿಲಿಂಡರ್ ಮೇಲೆ ಬರೆದ ತಾರೀಖು ನೋಡಿಕೊಳ್ಳಿ, ಮುಗಿದದ್ದನ್ನು ತುಂಬಿಸಬಾರದು.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹೊರಗಿನವರಿಗೆ ಏನೂ ಕೇಳುವುದಿಲ್ಲ, ಮಳೆಯೇ ಎಲ್ಲ ಮುಚ್ಚುತ್ತದೆ. ಆಗ ಸೀಲಿಂಗ್‌ನ ಉಪಕಾರ ತಿರುಗಾಮುರುಗಾ: ಮಳೆ ಸದ್ದು ಒಳಗೆ ಬರದ ಹಾಗೆ ಕಾಯುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಹೊಳವಾದ ಮೇಲೆ ಒಂದು ಭಾನುವಾರ ಇಟ್ಟುಕೊಳ್ಳಿ. ಗೋಡೆ ಚೌಕಟ್ಟುಗಳನ್ನು ಇಳಿಸಿ ಬಿಸಿಲಿಗೆ ಹಾಕಿ. ಬಾಗಿಲ ರಬ್ಬರ್ ಇಲಿ ಕಡಿದಿದೆಯಾ ನೋಡಿ. ಟ್ರ್ಯಾಪಿನ ಪುಟ್ಟಿ ಬಗೆದು ಮತ್ತೆ ತಟ್ಟಿ. ಕಾಲಿನ ಟ್ಯೂಬ್ ಚಪ್ಪಟೆಯಾಗಿದ್ದರೆ ಬದಲಿಸಿ. ಆಮೇಲೆ ಐದು ಪೆಲೆಟ್ ಹೊಡೆಸಿ, ಹೋದ ವರ್ಷ ನಿಂತ ಜಾಗದಲ್ಲೇ ನಿಂತು ಕೇಳಿ. ಹಳೆ ರೆಕಾರ್ಡಿಂಗ್ ಅಳಿಸದೆ ಇಟ್ಟುಕೊಂಡಿದ್ದರೆ ಅದರ ಪಕ್ಕದಲ್ಲಿಟ್ಟು ಹಾಕಿ ನೋಡಿ.